ನೆಗಡಿ-ಜ್ವರದ ಕಾಲದಲ್ಲಿ ವಿಟಮಿನ್ ಡಿ: ಪೊಟ್ಟಣ ಒಡೆಯುವ ಮುನ್ನ

ಮನೆಯಲ್ಲೊಬ್ಬರು ಕೆಮ್ಮತೊಡಗಿದೊಡನೆ ಔಷಧ ಅಂಗಡಿಯಿಂದ 60,000 ಯೂನಿಟ್‌ಗಳ ವಿಟಮಿನ್ ಡಿ ಪೊಟ್ಟಣ ತಂದು, ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಕುಡಿಯುವುದು ಕೋವಿಡ್‌ನ ನಂತರ ಹಲವರಿಗೆ ರೂಢಿಯಾಗಿದೆ. ವೈರಾಣುವಿನ ಸೋಂಕಿಗೂ ಈ ವಿಟಮಿನ್‌ಗೂ ನಂಟಿರುವುದು ನಿಜ. ಶ್ವಾಸಮಾರ್ಗದ ರಕ್ಷಣಾ ಕೋಶಗಳು ಇದನ್ನು ಬಳಸಿಕೊಂಡೇ ಕ್ಯಾಥೆಲಿಸಿಡಿನ್ ಎಂಬ ಸೂಕ್ಷ್ಮಾಣುನಾಶಕವನ್ನು ತಯಾರಿಸುತ್ತವೆ. ಉರಿಯೂತ ಮಿತಿಮೀರದಂತೆ ತಡೆಯುವುದರಲ್ಲಿಯೂ ಇದರ ಪಾಲಿದೆ. ಆದರೆ ಕೊರತೆ ಇಲ್ಲದವರಿಗೆ ಹೆಚ್ಚುವರಿ ಪೊಟ್ಟಣದಿಂದ ಹೆಚ್ಚುವರಿ ರಕ್ಷಣೆ ಸಿಗುತ್ತದೆಂದು ನಂಬಲು ಆಧಾರ ಸಾಲದು.

ಆದ್ದರಿಂದ ಮೊದಲ ಹೆಜ್ಜೆ, ಕೊರತೆಯ ಅನುಮಾನವಿದ್ದರೆ ವೈದ್ಯರನ್ನು ಕೇಳಿ 25-ಹೈಡ್ರಾಕ್ಸಿ ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸುವುದು. ವರದಿಯಲ್ಲಿ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆಯನ್ನು ಓದಬೇಕು. ‘45’ ಎಂದಿದ್ದು ಅದು ಮಿಲಿಲೀಟರಿಗೆ ನ್ಯಾನೊಗ್ರಾಂ ಆಗಿದ್ದರೆ ಚಿಂತೆಯಿಲ್ಲ. ಲೀಟರಿಗೆ ನ್ಯಾನೊಮೋಲ್ ಆಗಿದ್ದರೆ ಅದೇ 45 ಎಂದರೆ ಕೇವಲ 18 ನ್ಯಾನೊಗ್ರಾಂ, ಅಂದರೆ ಕೊರತೆ. ಸಾಮಾನ್ಯವಾಗಿ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸಲಾಗುತ್ತದೆ.

ಎರಡನೆಯದು ಬಿಸಿಲು. ನಿಮ್ಮ ನೆರಳು ನಿಮಗಿಂತ ಗಿಡ್ಡದಾಗಿರುವ ಹೊತ್ತಿನಲ್ಲಿ ಮುಖ, ತೋಳುಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿದರೆ ಚರ್ಮವೇ ಇದನ್ನು ತಯಾರಿಸಿಕೊಳ್ಳುತ್ತದೆ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಬೆಚ್ಚಗಾಗುತ್ತದೆಯೇ ಹೊರತು ವಿಟಮಿನ್ ಸಿಗದು, ಏಕೆಂದರೆ ಅದಕ್ಕೆ ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ.

ಮೂರನೆಯದು ಪ್ರಮಾಣ, ಹೆಚ್ಚಿನವರು ಎಡವುವುದು ಇಲ್ಲಿಯೇ. ಸುಮಾರು 11,000 ಜನರಿದ್ದ 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ದಿನವೂ ಅಥವಾ ವಾರಕ್ಕೊಮ್ಮೆ ಸೇವಿಸಿದವರಿಗೆ, ಅದರಲ್ಲೂ ತೀವ್ರ ಕೊರತೆಯಿದ್ದವರಿಗೆ, ಶ್ವಾಸಮಾರ್ಗದ ಸೋಂಕು ತಡೆಯುವಲ್ಲಿ ಪ್ರಯೋಜನ ಕಂಡಿತ್ತು. ಒಮ್ಮೆಲೇ ದೊಡ್ಡ ಪ್ರಮಾಣ ಪಡೆದವರಿಗೆ ಕಾಣಲಿಲ್ಲ. ನಂತರ ಇನ್ನಷ್ಟು ಪ್ರಯೋಗಗಳು ಸೇರಿದಂತೆ ಆ ಪ್ರಯೋಜನವೂ ಕುಗ್ಗುತ್ತ ಬಂದಿದೆ. ನಾರ್ವೆಯಲ್ಲಿ ಸುಮಾರು 34,000 ಜನರ ಮೇಲೆ ನಡೆದ, ವಿಟಮಿನ್ ಡಿ ಇರುವ ಕಾಡ್ ಮೀನೆಣ್ಣೆಯ ಪ್ರಯೋಗದಲ್ಲಿ ಸೋಂಕು ಕಡಿಮೆಯಾಗಲಿಲ್ಲ. ಅವರಲ್ಲಿ ಬಹುತೇಕರಿಗೆ ಮೊದಲೇ ಕೊರತೆಯಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ನಮ್ಮಲ್ಲಿ ವಯಸ್ಕರಿಗೆ ದಿನಕ್ಕೆ 600 ಯೂನಿಟ್, ಅಂದರೆ 15 ಮೈಕ್ರೊಗ್ರಾಂ, ಶಿಫಾರಸಾಗಿದೆ. 60,000ದ ಪೊಟ್ಟಣವು ಕೊರತೆ ಖಚಿತವಾದವರಿಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ, ವೈದ್ಯರು ಹೇಳಿದಷ್ಟು ವಾರ ಮಾತ್ರ. ಇದು ಜಿಡ್ಡಿನಲ್ಲಿ ಕರಗುವುದರಿಂದ ಊಟದ ಜೊತೆಗೆ ಸೇವಿಸುವುದು ಒಳ್ಳೆಯದು. ‘ವಾರಕ್ಕೊಮ್ಮೆ’ ಎಂಬುದನ್ನು ‘ದಿನಕ್ಕೊಮ್ಮೆ’ ಎಂದು ಓದಿಕೊಂಡು ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ತಡೆಯಲಾರದ ಬಾಯಾರಿಕೆ ಕಾಣಿಸಿಕೊಂಡು ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಪೊಟ್ಟಣ ತಂದ ದಿನವೇ ಅದು ಯಾವ ವಾರದ್ದೆಂದು ಅದರ ಮೇಲೆ ತಾರೀಖು ಬರೆದಿಟ್ಟರೆ ಈ ಗೊಂದಲ ತಪ್ಪುತ್ತದೆ; ಮೂತ್ರಪಿಂಡದಲ್ಲಿ ಕಲ್ಲಿರುವವರಂತೂ ಕೇಳದೆ ಮುಟ್ಟಲೇಬಾರದು.