ಹೋಂಸ್ಟೇ ಕೊಳಚೆ ನೀರು: ಕೊಡಗಿನ ಮಳೆಗೆ ತಡೆಯುವ ಹಾಗೆ ಮಾಡುವುದು ಹೇಗೆ?

ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಮಣ್ಣಿಗೆ ಇಂಗಿಸುವ ಇಂಗುಗುಂಡಿಗೆ ಜಾಗ ನೋಡಬೇಕಾದದ್ದು ಮಾರ್ಚ್‌ನಲ್ಲಿ ಅಲ್ಲ, ಜುಲೈನಲ್ಲಿ. ಬೇಸಿಗೆಯಲ್ಲಿ ಎಷ್ಟು ಅಗೆದರೂ ಒಣ ಮಣ್ಣೇ ಸಿಗುತ್ತದೆ, ಮೇಸ್ತ್ರಿ ಖುಷಿಯಾಗಿ ರಿಂಗ್ ಇಳಿಸಿ ದುಡ್ಡು ತಗೊಂಡು ಹೋಗುತ್ತಾನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಾಗ ಅದೇ ಗುಂಡಿಗೆ ಸುತ್ತಲಿನ ಮಣ್ಣಿನಿಂದ ನೀರು ಜಿನುಗಿ ತುಂಬುತ್ತದೆ, ಕಕ್ಕಸಿನ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಒಂದು ಸಣ್ಣ ಗುಂಡಿ ತೆಗೆದು, ನೀರು ಎಷ್ಟು ಮೇಲೆ ಬರುತ್ತದೆ ಅಂತ ನೋಡಿ. ಇಂಗುಗುಂಡಿಯ ತಳ ಆ ಮಟ್ಟಕ್ಕಿಂತ ಸುಮಾರು 2 ಮೀಟರ್ ಮೇಲಿರಬೇಕು. ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಬೇಕು, ಬಾವಿ ತಗ್ಗಿನಲ್ಲಿದ್ದರೆ ಇನ್ನೂ ಜಾಸ್ತಿ. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಮನೆ ಕಟ್ಟಿದ್ದರೆ ಆ ಬರೆಯ ಮೇಲೆ ನೀರು ಇಂಗಿಸಲೇಬೇಡಿ. ನೆನೆದ ಗುಡ್ಡ ಏನು ಮಾಡುತ್ತದೆ ಅಂತ 2018ರ ಆಗಸ್ಟ್‌ನ ಭೂಕುಸಿತದಲ್ಲಿ ನೋಡಿದ್ದೇವೆ ಅಲ್ವಾ?

ನೀರಿನ ಮಟ್ಟ ತೀರಾ ಮೇಲಿದ್ದರೆ ಆಳದ ಗುಂಡಿಯ ಆಸೆ ಬಿಡಿ. ಸೆಪ್ಟಿಕ್ ಟ್ಯಾಂಕ್ ಆದ ಮೇಲೆ ಜಲ್ಲಿಯ ತೊಟ್ಟಿ ಕಟ್ಟಿಸಿ. ಸುಮಾರು 60 ಸೆಂಟಿಮೀಟರ್ ಆಳ, ತಳ ಸೋರಬಾರದು, ಒಬ್ಬರಿಗೆ ಒಂದೆರಡು ಚದರ ಮೀಟರ್ ಲೆಕ್ಕ. ಅದರಲ್ಲಿ ಕಾಬಾಳೆ ಅಥವಾ ಜೊಂಡು ನೆಡಿ. ನೀರು ಜಲ್ಲಿಯ ಒಳಗೇ ಹರಿಯಬೇಕು, ಮೇಲೆ ಕಾಣಬಾರದು. ಕಂಡರೆ ಸೊಳ್ಳೆ ಗ್ಯಾರಂಟಿ. ಜಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳೇ ಮುಖ್ಯ ಕೆಲಸ ಮಾಡುವುದು, ಗಿಡ ಅದಕ್ಕೆ ನೆರವು. ಹೊರಬರುವ ನೀರನ್ನು ಬಾಳೆ ಬುಡಕ್ಕೆ ಬಿಡಿ. ತೋಡಿಗೆ ಬೇಡ, ತರಕಾರಿಗೂ ಬೇಡ.

ಸೆಪ್ಟಿಕ್ ಟ್ಯಾಂಕ್‌ಗೆ ಒಳಗೆ ಎರಡು ಅಂಕಣ (ಕೋಣೆ) ಬೇಕು. ಮೊದಲನೆಯದು ಒಟ್ಟು ಉದ್ದದ ಮೂರನೇ ಎರಡು ಪಾಲು ಇರಲಿ. 10 ಜನರಿಗೆ ದಿನಕ್ಕೆ ತಲಾ 100 ಲೀಟರ್ ಅಂದರೂ 1,000 ಲೀಟರ್ ಆಯಿತು. ಅದು ಎರಡು ದಿನ ನಿಲ್ಲಬೇಕು, ಕೆಸರಿಗೂ ಜಾಗ ಬೇಕು, ಹಾಗಾಗಿ 3,000 ಲೀಟರ್‌ಗಿಂತ ಚಿಕ್ಕದು ಕಟ್ಟಿಸಬೇಡಿ. ವೀಕೆಂಡಿಗೆ ತುಂಬುವ ಗೆಸ್ಟುಗಳನ್ನು ಲೆಕ್ಕ ಹಿಡಿಯಿರಿ, ಸೋಮವಾರದ ಖಾಲಿ ಮನೆಯನ್ನಲ್ಲ.

ಇನ್ನು ಅಡುಗೆಮನೆ. ಪಂದಿ ಕರಿ (ಹಂದಿಮಾಂಸದ ಸಾರು) ಮಾಡಿದ ಪಾತ್ರೆ ತೊಳೆದ ನೀರು ನಮ್ಮ ಚಳಿಗೆ ಪೈಪಿನಲ್ಲೇ ಮೇಣವಾಗಿ ಹೆಪ್ಪುಗಟ್ಟುತ್ತದೆ. ಸಿಂಕ್ ಆದ ತಕ್ಷಣ ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ಇಡಿ, ವಾರಕ್ಕೊಮ್ಮೆ ಜಿಡ್ಡು ತೆಗೆಯಿರಿ. ಗಲೀಜು ಕೆಲಸ, ಆದರೆ ಪೈಪ್ ಒಡೆಸುವುದಕ್ಕಿಂತ ವಾಸಿ.

ಹಂಚಿನಿಂದ ಬೀಳುವ ಮಳೆನೀರನ್ನು ಈ ಲೈನಿಗೆ ಸೇರಿಸಲೇಬೇಡಿ. ಫಿನೈಲ್, ಬ್ಲೀಚಿಂಗ್ ಪುಡಿಯನ್ನು ಸುಮ್ನೆ ಸುರಿದರೆ ಟ್ಯಾಂಕಿನೊಳಗಿನ ಜೀವಿಗಳು ಸಾಯುತ್ತವೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ನೀರೂ ಇಲ್ಲಿಗೆ ಬೇಡ. ಅದು ಹುಳಿ, ಅದರಲ್ಲಿ ಸಕ್ಕರೆ ಅಂಶವೂ ತುಂಬಾ. ಅದಕ್ಕೆ ಬೇರೆ ಹೊಂಡ ಬೇಕು, ಸುಣ್ಣ ಹಾಕಿ ಹುಳಿ ತಗ್ಗಿಸಬೇಕು.

ಎರಡು ಮೂರು ವರ್ಷಕ್ಕೊಮ್ಮೆ ಮಳೆಗೆ ಮುಂಚೆ, ಏಪ್ರಿಲ್ ಹೊತ್ತಿಗೆ, ಸಕ್ಕಿಂಗ್ ಗಾಡಿ ಕರೆಸಿ ಕೆಸರು ತೆಗೆಸಿ. ಒಳಗೆ ಯಾರನ್ನೂ ಇಳಿಸಬೇಡಿ. ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ರಕ್ಷಣಾ ಸಾಧನ ಇಲ್ಲದೆ ಜನರನ್ನು ಇಳಿಸುವುದು ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನಲ್ಲಿ ಅಪರಾಧ ಕೂಡ. ಗಾಡಿ ಬರುವಷ್ಟು ದಾರಿ ಟ್ಯಾಂಕಿನ ಹತ್ತಿರ ಇದೆಯಾ ಅಂತ ಕಟ್ಟುವ ಮೊದಲೇ ನೋಡಿಕೊಳ್ಳಿ.