21 ಅಂಕಿಯ ಸಂಖ್ಯೆಯನ್ನು ಸ್ಪ್ರೆಡ್‌ಶೀಟಲ್ಲೇ ಒಡೆದೆ

"ಪೈಥಾನಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದರೆ ಮುಗಿಯೋ ಕೆಲಸ, ಇದರಲ್ಲಿ ಯಾಕೆ ಒದ್ದಾಡ್ತೀರಿ ಸಾರ್?" ಎಂದ ಆಫೀಸಿನ ಹುಡುಗ. ಇಪ್ಪತ್ತು ವರ್ಷ ಲೆಕ್ಕ ಬರೆದ ನನಗೆ ಸ್ಪ್ರೆಡ್‌ಶೀಟ್ ಬಿಟ್ಟು ಬೇರೇನೂ ಬರದು. ಅದರಲ್ಲೇ ಮಾಡಿದೆ.

ಅಪವರ್ತನ ಹುಡುಕಿ ಒಡೆಯಬೇಕಿದ್ದ ಸಂಖ್ಯೆ 14,75,73,95,25,89,67,64,12,927. ಅಂದರೆ 2ರ 67ನೇ ಘಾತಕ್ಕೆ ಒಂದು ಕಡಿಮೆ. 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯ ಅಂದಿದ್ದ. ಅಲ್ಲ ಎಂದು 1876ರಲ್ಲಿ ಗಣಿತಜ್ಞ ಲ್ಯೂಕಾಸ್ ತೋರಿಸಿದ, ಅಪವರ್ತನ ಕೊಡಲಿಲ್ಲ. ಕೊಟ್ಟವನು ಅಮೆರಿಕದ ಗಣಿತಜ್ಞ ಕೋಲ್, 1903ರಲ್ಲಿ. ಅವನ ಉತ್ತರ ನೋಡದೆ ಶುರು ಮಾಡಿದೆ, ನಂಬಿದರೆ ನಂಬಿ.

ಮೊದಲ ದಿನವೇ ಎಡವಟ್ಟು. ಸಂಖ್ಯೆಯನ್ನು ಹಾಗೇ ಟೈಪ್ ಮಾಡಿದೆ. ಹದಿನೈದು ಅಂಕಿಯ ನಂತರದ್ದೆಲ್ಲ ಸೊನ್ನೆಯಾಗಿತ್ತು! 412927 ಮಾಯ. ಅದು ಗಮನಕ್ಕೆ ಬರೋ ಹೊತ್ತಿಗೆ ಒಂದು ವಾರ ದಂಡ. ಲ್ಯಾಪ್‌ಟಾಪ್ ನಿಧಾನ ಅಂದುಕೊಂಡು ರ್‍ಯಾಮ್‌ಗೆ ಸುಮಾರು 1,800 ರೂಪಾಯಿ ಸುರಿದೆ. ತಪ್ಪು ಉತ್ತರ ಬೇಗ ಬಂತು, ಅಷ್ಟೇ.

67 ಅವಿಭಾಜ್ಯ, ಹಾಗಾಗಿ ಈ ಸಂಖ್ಯೆಯ ಯಾವ ಅಪವರ್ತನವೂ 67ರ ಎರಡರಷ್ಟು, ಅಂದರೆ 134ರ ಮಗ್ಗಿಗೆ ಒಂದು ಕೂಡಿಸಿದಂತೆಯೇ ಇರಬೇಕು ಎಂಬ ನಿಯಮವಿದೆ; ಅಂಥವನ್ನಷ್ಟೇ ನೋಡಿದರೆ ಸಾಕು. ಎಲ್ಲವನ್ನೂ ಸಾಲಾಗಿ ಇಳಿಸಿದೆ. ಒಂದು ಹಾಳೆಗೆ ಹತ್ತು ಲಕ್ಷ ಚಿಲ್ಲರೆ ಸಾಲು ಮಾತ್ರ, 14 ಕೋಟಿ ಹತ್ತಿರ ಹಾಳೆ ಮುಗಿಯಿತು. ಆಗ ಇನ್ನೊಂದು ನಿಯಮ ನೆನಪಾಯಿತು, ಇಂಥ ಅಪವರ್ತನಗಳಲ್ಲಿ 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯುವುದಷ್ಟೇ ಬೇಕು. ಸಾಲು ಅರ್ಧಕ್ಕರ್ಧ ಇಳಿದವು.

ಇನ್ನು 2ರ 67ನೇ ಘಾತವನ್ನು ಪ್ರತಿ ಸಾಲಿನ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವ ಶೇಷ. 67 ಘಾತವನ್ನು 27, 20, 20 ಎಂದು ಮೂರು ಕಾಲಂಗೆ ಹಂಚಿದೆ. ಪ್ರತಿ ಸಲ ಶೇಷ ತೆಗೆದು, 2ರ 20ನೇ ಘಾತದಿಂದ ಗುಣಿಸಿ, ಮತ್ತೆ ಶೇಷ. ಯಾವ ಹಂತದಲ್ಲೂ ಹದಿನೈದು ಅಂಕಿ ದಾಟಲ್ಲ. ಕೊನೇ ಕಾಲಂನಲ್ಲಿ 1 ಬಂದರೆ, ಒಂದು ಕಡಿಮೆ ಇರುವ ನಮ್ಮ ಸಂಖ್ಯೆ ಪೂರ್ತಿ ಭಾಗವಾಗುತ್ತದೆ, ಅಪವರ್ತನ ಸಿಕ್ಕಿತು. ಇಷ್ಟು ದೊಡ್ಡ ಫೈಲ್ ಹ್ಯಾಂಗ್ ಆಗದ ಹಾಗೆ ಮಾಡಿದ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಏಳು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ ಸಾಲಲ್ಲಿ 1 ಕಂಡಿತು. 19,37,07,721. ಇನ್ನೊಂದು 7,61,83,82,57,287. ಗುಣಿಸಿ ನೋಡೋಣ ಅಂದರೆ ಸ್ಪ್ರೆಡ್‌ಶೀಟ್ ಮತ್ತೆ ಸೊನ್ನೆ ಹಾಕುತ್ತದಲ್ವಾ? ಕಾಗದದ ಮೇಲೆ ಗುಣಿಸಿದೆ. ಒಂದು ಗಂಟೆ, ಎರಡು ಸಲ ತಪ್ಪಿತು.

ಹುಡುಗ ತನ್ನ ನಾಲ್ಕು ಸಾಲು ಓಡಿಸಿದ, ಅದೇ ಉತ್ತರ ಬಂತು. ಆಮೇಲೆ ಮಾತಾಡಲಿಲ್ಲ.

ಸುಮ್ನೆ ಮೂಲ ಸಂಖ್ಯೆಯ ಅಂಕಿಗಳನ್ನೂ ಕೂಡಿದೆ, 109. ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಹೆಸರಿಟ್ಟ ಹರ್ಷದ್ ಸಂಖ್ಯೆ, ಅಂದರೆ ತನ್ನ ಅಂಕಿಗಳ ಮೊತ್ತದಿಂದಲೇ ಪೂರ್ತಿ ಭಾಗವಾಗುವ ಸಂಖ್ಯೆ, ಇದಾಗುತ್ತಾ ಎಂಬ ಆಸೆ. ಆಗಲ್ಲ. ಅಪವರ್ತನ ಎರಡೇ, ಅವುಗಳಲ್ಲಿ 109 ಇಲ್ಲ.

ಅದೇ ಜೋಶಲ್ಲಿ 2ರ 71ನೇ ಘಾತಕ್ಕೆ ಒಂದು ಕಡಿಮೆ ಇರುವ ಸಂಖ್ಯೆಗೂ ಕೈ ಹಾಕಿದೆ. ಮಗ್ಗಿ 142, ಹಂಚಿಕೆ 27, 22, 22. ಇನ್ನೂ ದೊಡ್ಡ ಸಂಖ್ಯೆ, ಇಡೀ ರಾತ್ರಿ ಬೇಕು ಅಂತ ಫ್ಲಾಸ್ಕಲ್ಲಿ ಕಾಫಿ ತುಂಬಿಸಿಟ್ಟಿದ್ದೆ. ಎಂಟುನೂರರ ಆಸುಪಾಸಿನ ಸಾಲಲ್ಲೇ 2,28,479 ಸಿಕ್ಕಿಬಿಟ್ಟಿತು. ಕಾಫಿ ಇನ್ನೂ ಬಿಸಿ ಇತ್ತು.