ಹಿಂಗಾರಿ ಜೋಳಕ್ಕಾಗಿ ಮರಾಠಿ ಓದಲು ಕಲಿತೆ

ಕನ್ನಡ ವಿಕಿಪೀಡಿಯಕ್ಕೆ ಬರೆಯುವವರಲ್ಲಿ ಹಲವರು ಇಂಗ್ಲಿಷ್ ಪುಟ ತೆರೆದಿಟ್ಟುಕೊಂಡೇ ಕೂರುತ್ತಾರೆ. ಅಂತರಜಾಲದ ಹೆಚ್ಚುಕಡಿಮೆ ಅರ್ಧದಷ್ಟು ತಾಣಗಳು ಇಂಗ್ಲಿಷಿನಲ್ಲೇ ಇರುವಾಗ ಅದು ಸಹಜ. ನಾನೂ ಹಾಗೆಯೇ ಬರೆಯುತ್ತಿದ್ದೆ. ಹಿಂಗಾರಿ ಜೋಳದ ಲೇಖನಕ್ಕೆ ಮಾತ್ರ ಆ ದಾರಿ ಸಾಲಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕಿದ್ದು ಬಹುಪಾಲು ಅಮೆರಿಕದ ಜೋಳ: ಪಶು ಆಹಾರ, ಎಥನಾಲ್, ಯಂತ್ರದಿಂದ ಕೊಯ್ಯಲು ಅನುಕೂಲವಾಗಲೆಂದು ರೂಪಿಸಿದ ಗಿಡ್ಡ ತಳಿಗಳು. ನಮ್ಮ ವಿಜಯಪುರದ ಎರೆಹೊಲದಲ್ಲಿ ಆಳೆತ್ತರ ಮೀರಿ ನಿಲ್ಲುವ ಜೋಳದ ಕಥೆಯೇ ಬೇರೆ. ಇಲ್ಲಿ ಕಾಳಿನ ಜೊತೆ ಕಣಕಿಯೂ, ಅಂದರೆ ದನಗಳ ಮೇವಿಗೆ ಒಣಗಿದ ದಂಟೂ ಬೇಕು. ಗಿಡ್ಡ ದಂಟಿನಿಂದ ಎತ್ತುಗಳ ಹೊಟ್ಟೆ ತುಂಬದು.

ನಮ್ಮ ಕಡೆ ಬಿತ್ತುವ ಮಾಲದಂಡಿ, ಅಂದರೆ ಎಂ 35-1, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದ ಆಯ್ದ ತಳಿ. ಹಿಂಗಾರಿ ಜೋಳದ ಸಂಶೋಧನಾ ಕೇಂದ್ರವಿರುವುದೂ ಸೊಲ್ಲಾಪುರದಲ್ಲೇ. ಹಾಗಾಗಿ ಮರಾಠಿಗೆ ಕೈಹಾಕಿದೆ.

ಶಾಲೆಯ ಹಿಂದಿಯಿಂದ ದೇವನಾಗರಿ ಬರುತ್ತಿತ್ತು. ರೈತರಿಗೆಂದೇ ಇರುವ ಮರಾಠಿ ದಿನಪತ್ರಿಕೆ ‘ಅಗ್ರೋವನ್’ ತಾಣದಲ್ಲಿ ‘ಜ್ವಾರಿ’ ಎಂದು ಹುಡುಕಿ, ಸಿಕ್ಕ ಬರಹಗಳನ್ನು ಗಟ್ಟಿಯಾಗಿ ಓದತೊಡಗಿದೆ. ಬಿತ್ತನೆ, ಮಣ್ಣಿನ ಹಸಿ, ಸುಳಿನೊಣ, ಕಟಾವು ಎಲ್ಲ ತಿಳಿದ ಸಂಗತಿಗಳೇ. ಹೀಗಾಗಿ ಮುಂದಿನ ವಾಕ್ಯ ಏನು ಹೇಳಬಹುದೆಂಬ ಅಂದಾಜು ಇರುತ್ತಿತ್ತು. ಕಲಿಯುವವರಿಗೆ ನಾನು ಮೊದಲು ಹೇಳುವುದೇ ಇದು: ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದಲೇ ಹೊಸ ಭಾಷೆಗೆ ಹೋಗಿ.

ವಾಕ್ಯದ ಕಟ್ಟು ಕನ್ನಡದ್ದೇ, ಕ್ರಿಯಾಪದ ಕೊನೆಗೆ. ಬಹಳ ಕಾಡಿದ್ದು ಲಿಂಗ. ನಾವು ‘ನಾನು ತಿಂದೆ’ ಅಂದರೆ ಮುಗಿಯಿತು, ಏನು ತಿಂದರೂ ಅಷ್ಟೇ. ಮರಾಠಿಯಲ್ಲಿ ತಿಂದ ವಸ್ತುವಿನ ಲಿಂಗ ನೋಡಬೇಕು: ರೊಟ್ಟಿ ಸ್ತ್ರೀಲಿಂಗ, ಹಾಗಾಗಿ ‘ಮೀ ಭಾಕರೀ ಖಾಲ್ಲೀ’; ಮಾವು ಪುಲ್ಲಿಂಗ, ಹಾಗಾಗಿ ‘ಮೀ ಆಂಬಾ ಖಾಲ್ಲಾ’. ನಿಯಮ ಉರುಹೊಡೆಯುವುದನ್ನು ಬಿಟ್ಟು, ಪ್ರತಿ ನಾಮಪದವನ್ನೂ ಅದರ ಕ್ರಿಯಾಪದದ ಜೊತೆಗೇ ವಹಿಯಲ್ಲಿ ಬರೆದುಕೊಂಡೆ. ಯಂತ್ರಾನುವಾದವನ್ನು ನಾನೇ ಓದಿ ಮುಗಿಸಿದ ಮೇಲೆ, ಸಂಶಯ ಬಂದ ಸಾಲಿಗಷ್ಟೇ ಬಳಸಿದೆ. ಮೊದಲೇ ಅದನ್ನು ತೆರೆದರೆ ಕಣ್ಣು ಮರಾಠಿಯ ಮೇಲೆ ನಿಲ್ಲುವುದೇ ಇಲ್ಲ.

ಆಮೇಲೆ ಮರಾಠಿ ವಿಶ್ವಕೋಶ. ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರ ಸಂಪಾದಕತ್ವದಲ್ಲಿ ಸಾತಾರಾ ಜಿಲ್ಲೆಯ ವಾಯಿಯಲ್ಲಿ ರೂಪುಗೊಂಡ ಆ ಕೋಶ ಈಗ ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಹೀಗೆ ಓದುತ್ತ ಹೋದಾಗ, ನಮ್ಮ ಸೀತನಿಯಂತೆ ಅವರು ಸುಟ್ಟು ತಿನ್ನುವ ಎಳೆ ಜೋಳ, ಅಂದರೆ ಹುರಡಾಕ್ಕೆಂದೇ ಬೆಳೆಯುವ ಗುಳಭೇಂಡಿಯಂಥ ತಳಿಗಳ ವಿವರವೂ ಸಿಕ್ಕಿತು. 2011ರ ಜನಗಣತಿಯಂತೆ 8.3 ಕೋಟಿ ಜನರ ತಾಯಿನುಡಿ ಮರಾಠಿ. ಇಷ್ಟು ದೊಡ್ಡ ನೆರೆಮನೆಯನ್ನು ಬಿಟ್ಟು ನಮ್ಮ ಹೊಲದ ಬೆಳೆಯ ಬಗ್ಗೆ ಸಮುದ್ರದಾಚೆ ಕೇಳಿಕೊಂಡು ಬರುವುದು ನನಗೆ ನೋವಿನ ಸಂಗತಿ.

ಈಗ ತೊಗರಿಯ ಲೇಖನ ಹಿಡಿದಿದ್ದೇನೆ. ಕಲಬುರಗಿಯ ತೊಗರಿಗೂ ಗಡಿಯಾಚೆ ತೆಲಂಗಾಣದ ತಾಂಡೂರಿನ ತೊಗರಿಗೂ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಇದೆ. ತಾಂಡೂರಿನ ವಿಷಯಕ್ಕೆ ತೆಲುಗು ಬೇಕು. ಲಿಪಿ ಬಹುಮಟ್ಟಿಗೆ ನಮ್ಮದನ್ನೇ ಹೋಲುವುದರಿಂದ ಓದು ಆಗಲೇ ಶುರುವಾಗಿದೆ.